ಉಸಿರು ಸಾಲದೆನಿಸಿದಾಗ

ಆರೋಗ್ಯವಂತ ಮನುಷ್ಯನು ವಿಶ್ರಾಂತಿಯಲ್ಲಿರುವಾಗ ನಿಮಿಷಕ್ಕೆ 12ರಿಂದ 20 ಬಾರಿ ಉಸಿರಾಡುತ್ತಾನೆ. ದಿನವೊಂದಕ್ಕೆ ಇದು ಸುಮಾರು 20,000 ಬಾರಿಯಾಗುತ್ತದೆ. ಇಷ್ಟು ಸಲ ಒಳಗೆ ಬಂದು ಹೊರಗೆ ಹೋಗುವ ಈ ಅನುಗ್ರಹ ನಮ್ಮ ಗಮನಕ್ಕೇ ಬರುವುದಿಲ್ಲ. ಆದರೆ ಕೆಲವರಿಗೆ ಅದು ಗಂಟೆ ಗಂಟೆಗೂ ನೆನಪಾಗುತ್ತದೆ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು, ಬಟ್ಟೆ ಒಗೆದರೆ ಏದುಸಿರು, ಸುಜೂದ್‌ನಿಂದ ಎದ್ದು ನಿಂತರೆ ಏದುಸಿರು. ಎಕ್ಸ್‌ರೇ ತೆಗೆಸಿಯಾಯಿತು, ಇಸಿಜಿ ಮಾಡಿಸಿಯಾಯಿತು. "ಎಲ್ಲ ನಾರ್ಮಲ್, ಏನೂ ಇಲ್ಲ" ಎಂದು ವೈದ್ಯರು ಕಳುಹಿಸಿಬಿಟ್ಟರು. ಉಸಿರು ಮಾತ್ರ ಸಾಲುತ್ತಿಲ್ಲ.

ಇಂತಹ ರೋಗಿಯ ನಿಜವಾದ ಕಷ್ಟ ಆಸ್ಪತ್ರೆಯಿಂದ ಮನೆಗೆ ಮರಳಿದ ಮೇಲೆ ಆರಂಭವಾಗುತ್ತದೆ. ಕಾಲು ಮುರಿದವನಿಗೆ ಬ್ಯಾಂಡೇಜಿನ ಸಾಕ್ಷ್ಯವಿದೆ. ಜ್ವರ ಬಂದವನಿಗೆ ಥರ್ಮಾಮೀಟರಿನ ಸಾಕ್ಷ್ಯವಿದೆ. ಇವನಿಗೆ ಯಾವ ಸಾಕ್ಷ್ಯವೂ ಇಲ್ಲ. ಸೊಸೆಯಾದರೆ "ಕೆಲಸ ತಪ್ಪಿಸಲು ನೆವ" ಎನ್ನುತ್ತಾರೆ. ಯುವಕನಾದರೆ "ಮನಸ್ಸು ಗಟ್ಟಿ ಇಲ್ಲ" ಎನ್ನುತ್ತಾರೆ. ಒಬ್ಬರು ಕಣ್ಣು ತಗಲಿದೆ ಎನ್ನುತ್ತಾರೆ, ಇನ್ನೊಬ್ಬರು ಜಿನ್ನ್‌ನ ಬಾಧೆ ಎನ್ನುತ್ತಾರೆ. ಈಮಾನ್ ದುರ್ಬಲವಾಗಿದೆ ಎಂದು ತೀರ್ಪು ನೀಡುವವರೂ ಇದ್ದಾರೆ. ಕೊನೆಗೆ ರೋಗಿ ತನ್ನ ಉಸಿರನ್ನೇ ಸಂಶಯದಿಂದ ನೋಡತೊಡಗುತ್ತಾನೆ. ಆದ್ದರಿಂದ ಈ ವಿಷಯವನ್ನು ವೈದ್ಯಕೀಯ ದೃಷ್ಟಿಯಿಂದಲೂ ದೀನಿನ ದೃಷ್ಟಿಯಿಂದಲೂ ಸ್ವಲ್ಪ ತಿಳಿದುಕೊಳ್ಳುವುದು ಅಗತ್ಯ.

ಹಳೆಯದಾದ ಒಂದು ಒಗಟು

ಕಾರಣ ಕಾಣದ ಏದುಸಿರು ಇಂದಿನ ಕಾಯಿಲೆಯಲ್ಲ. 1861ರಿಂದ 1865ರ ವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿ ಅನೇಕ ಸೈನಿಕರು ಎದೆಬಡಿತ, ಎದೆನೋವು ಮತ್ತು ಉಸಿರಾಟದ ತೊಂದರೆಯಿಂದ ನರಳಿದರು. ಫಿಲಡೆಲ್ಫಿಯಾದ ವೈದ್ಯ ಜೇಕಬ್ ಡಾ ಕೋಸ್ಟಾ ಅಂತಹ ಮುನ್ನೂರಕ್ಕೂ ಹೆಚ್ಚು ಸೈನಿಕರನ್ನು ಪರೀಕ್ಷಿಸಿ 1871ರಲ್ಲಿ ವರದಿ ಪ್ರಕಟಿಸಿದರು. ಹೃದಯದ ರಚನೆಯಲ್ಲಿ ಅವರಿಗೆ ದೋಷ ಕಾಣಿಸಲಿಲ್ಲ. ಆದರೆ ಸೈನಿಕರು ಸುಳ್ಳು ಹೇಳುತ್ತಿದ್ದಾರೆಂದು ಅವರು ಬರೆಯಲಿಲ್ಲ. ಹಲವರಿಗೆ ಜ್ವರ ಅಥವಾ ಭೇದಿಯಾದ ನಂತರ, ಕಠಿಣ ದಣಿವಿನ ನಂತರ ಈ ತೊಂದರೆ ಶುರುವಾಗಿತ್ತೆಂಬುದನ್ನು ಅವರು ಗುರುತಿಸಿದರು. ಒಂದನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನಿಕರಲ್ಲಿಯೂ ಇದೇ ಕಾಣಿಸಿತು. ಅಲ್ಲಿನ ಹೃದಯತಜ್ಞ ಥಾಮಸ್ ಲೂಯಿಸ್ ಅಂತಹವರಿಗೆ ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುವ ಕವಾಯತು ಕೊಡಿಸಿ, ಯಾರು ಎಷ್ಟು ತಾಳಬಲ್ಲರೆಂದು ನೋಡಿದರು. 2020ರ ನಂತರ ಕೋವಿಡ್‌ನಿಂದ ಗುಣಮುಖರಾದವರಲ್ಲಿ ಅನೇಕರು ತಿಂಗಳುಗಟ್ಟಲೆ ಇದೇ ದೂರನ್ನು ಹೇಳಿದರು.

ರಣರಂಗದಲ್ಲಿ ನಿಂತ ಸೈನಿಕನನ್ನು ಸೋಮಾರಿಯೆನ್ನಲು ಯಾರಿಗೂ ಬಾಯಿ ಬರಲಿಕ್ಕಿಲ್ಲ. ಹಾಗಿರುವಾಗ ನಸುಕಿನಿಂದ ರಾತ್ರಿಯ ತನಕ ಮನೆಯನ್ನು ಹೊತ್ತು ನಡೆಸುವ ಹೆಣ್ಣುಮಗಳ ವಿಷಯದಲ್ಲಿ ಆ ಮಾತು ಅಷ್ಟು ಸುಲಭವಾಗಿ ಹೇಗೆ ಬರುತ್ತದೆ?

'ನಾರ್ಮಲ್' ಎಂಬ ಮಾತಿನ ಅರ್ಥ

ರಿಪೋರ್ಟ್ ನಾರ್ಮಲ್ ಎಂದರೆ ಆ ಪರೀಕ್ಷೆ ಹುಡುಕಿದ್ದು ಸಿಗಲಿಲ್ಲ ಎಂದಷ್ಟೇ ಅರ್ಥ. ಅಸ್ತಮಾ ಇರುವವರ ಎಕ್ಸ್‌ರೇ ಹೆಚ್ಚಾಗಿ ಸರಿಯಾಗಿಯೇ ಇರುತ್ತದೆ. ಅವರು ಯಂತ್ರದಲ್ಲಿ ಊದುವ ಸ್ಪೈರೋಮೆಟ್ರಿ ಪರೀಕ್ಷೆ ಕೂಡ, ಉಬ್ಬಸವಿಲ್ಲದ ದಿನ ಮಾಡಿದರೆ, ಸರಿಯಾಗಿ ಬರಬಹುದು. ಹೃದಯದ ಕವಾಟದ ದೋಷ ಇಸಿಜಿಯಲ್ಲಿ ಕಾಣದೆ ಎಕೋ ಪರೀಕ್ಷೆಯಲ್ಲಿ ಕಾಣಬಹುದು.

ಇನ್ನೊಂದು ಮುಖ್ಯ ಕಾರಣ ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವರ್ಷದೊಳಗಿನ ಸ್ತ್ರೀಯರಲ್ಲಿ ಶೇಕಡ 57 ಮಂದಿಗೆ ರಕ್ತಹೀನತೆಯಿತ್ತು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇದನ್ನು ಹೇಳುವುದಿಲ್ಲ. ರಕ್ತದಲ್ಲಿರುವ ಹಿಮೋಗ್ಲೋಬಿನ್ ಎಷ್ಟು ತುಂಬಿದೆಯೆಂದು ಅದು ತೋರಿಸುತ್ತದೆ, ಹಿಮೋಗ್ಲೋಬಿನ್ ಎಷ್ಟಿದೆಯೆಂದು ತೋರಿಸುವುದಿಲ್ಲ. ಸಂತೆಗೆ ಹೋಗುವ ಲಾರಿಗಳೆಲ್ಲ ಭರ್ತಿಯಾಗಿವೆ, ಆದರೆ ಇರುವುದು ಎರಡೇ ಲಾರಿ ಎಂಬಂತೆ. ಆದ್ದರಿಂದ ಆಕ್ಸಿಮೀಟರ್ 98 ತೋರಿಸಿದರೂ ರಕ್ತಪರೀಕ್ಷೆ ಬೇಕು. ಗರ್ಭಿಣಿಯಲ್ಲದ ಸ್ತ್ರೀಗೆ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ.

ವೈದ್ಯರ ಬಳಿಗೆ ಹೋಗುವಾಗ ಇವನ್ನೆಲ್ಲ ಬರೆದುಕೊಂಡು ಹೋಗಿರಿ: ಏದುಸಿರು ಎಂದಿನಿಂದ ಇದೆ, ಎಷ್ಟು ದೂರ ನಡೆದರೆ ನಿಲ್ಲಬೇಕಾಗುತ್ತದೆ, ಮಲಗಿದಾಗ ಹೆಚ್ಚೋ, ಕುಳಿತಾಗ ಹೆಚ್ಚೋ, ರಾತ್ರಿ ಎಬ್ಬಿಸುತ್ತದೆಯೋ, ಮುಟ್ಟಿನ ಸ್ರಾವ ಹೆಚ್ಚಿದೆಯೋ, ಹಿಂದೆ ಕ್ಷಯ ಬಂದಿತ್ತೋ. ಅಡುಗೆಮನೆಯ ಸೌದೆ ಒಲೆ, ಬಚ್ಚಲಿನ ನೀರೊಲೆಗಳ ಹೊಗೆಯ ವಿಷಯ ಹೇಳಿರಿ. ಬೀಡಿ ಸೇದದ ಸ್ತ್ರೀಯರ ಶ್ವಾಸಕೋಶವೂ ವರ್ಷಗಟ್ಟಲೆ ಸೌದೆಯ ಹೊಗೆಯಿಂದ ಹಾಳಾಗುತ್ತದೆ. ಮನೆಯಲ್ಲಿ ಬೀಡಿ ಕಟ್ಟುವವರು ಹೊಗೆಸೊಪ್ಪಿನ ಧೂಳಿನ ವಿಷಯವನ್ನು ತಿಳಿಸಬೇಕು. ಶುಕ್ರವಾರ ರಾತ್ರಿಯ ಲೋಬಾನದ ಹೊಗೆ, ಕಟುವಾದ ಅತ್ತರು ಕೂಡ ಕೆಲವರಿಗೆ ಆಗುವುದಿಲ್ಲ.

ಕೆಲವು ಲಕ್ಷಣಗಳಲ್ಲಿ ಕಾಯಬಾರದು. ಏದುಸಿರು ಹಠಾತ್ತಾಗಿ ಬಂದರೆ, ಎದೆನೋವಿದ್ದರೆ, ತುಟಿ ನೀಲಿಯಾದರೆ, ಒಂದು ವಾಕ್ಯ ಪೂರ್ತಿ ಹೇಳಲಾಗದಿದ್ದರೆ, ಪ್ರಜ್ಞೆ ತಪ್ಪಿದರೆ, ಕೆಮ್ಮಿನಲ್ಲಿ ರಕ್ತ ಬಂದರೆ, ಒಂದು ಕಾಲು ಮಾತ್ರ ಬಾತಿದ್ದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ನಮ್ಮ ರಾಜ್ಯದಲ್ಲಿ 108ಕ್ಕೆ ಫೋನ್ ಮಾಡಿದರೆ ಆಂಬುಲೆನ್ಸ್ ಬರುತ್ತದೆ.

ಚಿಕಿತ್ಸೆ ಪಡೆಯುವುದು ತವಕ್ಕುಲ್‌ಗೆ ವಿರುದ್ಧವಲ್ಲ

ಗ್ರಾಮೀಣ ಅರಬರು ಬಂದು ಚಿಕಿತ್ಸೆ ಪಡೆಯಬಹುದೇ ಎಂದು ಕೇಳಿದಾಗ ಪ್ರವಾದಿವರ್ಯರು(ಸ) ಚಿಕಿತ್ಸೆ ಪಡೆಯುವಂತೆ ಆಜ್ಞಾಪಿಸಿದರೆಂದು ಉಸಾಮ ಬಿನ್ ಶರೀಕ್(ರ) ವರದಿ ಮಾಡಿದ್ದಾರೆ. ಪ್ರಾರ್ಥನೆಯೂ ಔಷಧಿಯೂ ಒಟ್ಟಿಗೆ ಸಾಗುತ್ತವೆ. ಕುರ್‌ಆನ್ ಪಠಿಸಿ ಶಮನ ಬೇಡುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಆದರೆ ಜಿನ್ನ್ ಬಿಡಿಸುವೆನೆಂದು ಹೊಡೆಯುವವರ, ಹೊಗೆ ಹಾಕುವವರ, ಸಾವಿರಾರು ರೂಪಾಯಿ ಕೇಳುವವರ ಬಾಗಿಲಿಗೆ ಉಸಿರು ಸಾಲದ ರೋಗಿಯನ್ನು ಕರೆದೊಯ್ಯುವುದು ದೊಡ್ಡ ಅನ್ಯಾಯ.

ಕಷ್ಟವನ್ನು ಹೇಳಿಕೊಂಡರೆ ಸಹನೆ ಕೆಡುತ್ತದೆಂದು ಕೆಲವರು ಭಾವಿಸುತ್ತಾರೆ. ಪ್ರವಾದಿ ಅಯ್ಯೂಬ್(ಅ) ತಮ್ಮ ಸಂಕಟವನ್ನು ಅಲ್ಲಾಹನ ಮುಂದೆ ತೋಡಿಕೊಂಡರು. ಆದರೂ ಕುರ್‌ಆನ್ ಅವರನ್ನು ಸಹನಶೀಲರೆಂದೇ ಪ್ರಶಂಸಿಸುತ್ತದೆ. ಪ್ರವಾದಿವರ್ಯರ(ಸ) ಜ್ವರ ತೀವ್ರವಾಗಿದ್ದಾಗ ಇಬ್ನ್ ಮಸ್‌ಊದ್(ರ) ಆ ಬಗ್ಗೆ ಕೇಳಿದರು. ತಮ್ಮ ಜ್ವರ ಇಬ್ಬರು ಪುರುಷರ ಜ್ವರದಷ್ಟಿದೆಯೆಂದು ಅವರು ಮರೆಮಾಚದೆ ತಿಳಿಸಿದರು. ಹಾಗಾದರೆ ವೈದ್ಯರಿಗೆ, ಪತಿಗೆ, ತಾಯಿಗೆ "ನನಗೆ ಉಸಿರು ಸಾಲುತ್ತಿಲ್ಲ" ಎಂದು ಹೇಳುವುದರಲ್ಲಿ ಯಾವ ದೋಷವೂ ಇಲ್ಲ.

ಭಯ ಮತ್ತು ಉಸಿರು

ಎಲ್ಲ ಪರೀಕ್ಷೆಗಳಾಗಿ, ಕಾರಣ ಸಿಗದೆ ಉಳಿದವರು ಒಂದು ವಿಷಯ ತಿಳಿದಿರಬೇಕು. ಉಸಿರು ಸಾಲದೆಂಬ ಅನುಭವ ಹುಟ್ಟುವುದು ಮಿದುಳಿನಲ್ಲಿ. ಶ್ವಾಸಕೋಶ, ಎದೆಯ ಸ್ನಾಯು, ರಕ್ತ ಇವೆಲ್ಲ ಅಲ್ಲಿಗೆ ಸುದ್ದಿ ಕಳುಹಿಸುತ್ತವೆ. ಕೇಳಿದ ಗಾಳಿಗೂ ಬಂದ ಗಾಳಿಗೂ ತಾಳೆಯಾಗದಿದ್ದರೆ ಮಿದುಳು ಅಪಾಯದ ಕರೆ ಕೊಡುತ್ತದೆ. ಭಯವಾದಾಗ ಮನುಷ್ಯನು ಎದೆಯ ಮೇಲ್ಭಾಗದಿಂದ ಬೇಗ ಬೇಗ ಉಸಿರಾಡುತ್ತಾನೆ. ಆಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ತಲೆ ಸುತ್ತುತ್ತದೆ, ಬೆರಳು ಮತ್ತು ತುಟಿ ಜುಮ್ಮೆನ್ನುತ್ತವೆ. ಅದನ್ನು ಕಂಡು ಭಯ ಇನ್ನಷ್ಟು ಹೆಚ್ಚುತ್ತದೆ, ಉಸಿರು ಇನ್ನಷ್ಟು ಓಡುತ್ತದೆ. ಇದು ದೇಹದಲ್ಲಿ ನಡೆಯುವ ನಿಜವಾದ ಕ್ರಿಯೆ, ನಾಟಕವಲ್ಲ.

ಈ ಸುತ್ತನ್ನು ಕಡಿಯಲು ಕೆಲವು ಸರಳ ದಾರಿಗಳಿವೆ:

1. ಕುಳಿತು, ಸ್ವಲ್ಪ ಮುಂದಕ್ಕೆ ಬಾಗಿ, ಮೊಣಕೈಗಳನ್ನು ತೊಡೆಯ ಮೇಲೆ ಊರಿರಿ. ಭುಜಗಳನ್ನು ಸಡಿಲಗೊಳಿಸಿರಿ.

2. ಮೂಗಿನಿಂದ ಉಸಿರು ತೆಗೆದುಕೊಂಡು, ತುಟಿಗಳನ್ನು ಒಲೆ ಊದುವಂತೆ ಕಿರಿದಾಗಿಸಿ ನಿಧಾನವಾಗಿ ಹೊರಬಿಡಿರಿ. ಒಳಗೆಳೆಯುವ ಅವಸರ ಬೇಡ, ಹೊರಗೆ ಬಿಡುವುದನ್ನು ಉದ್ದಮಾಡಿರಿ.

3. ಬೀಸಣಿಗೆಯಿಂದಲೋ ಸಣ್ಣ ಕೈಫ್ಯಾನಿನಿಂದಲೋ ಮುಖಕ್ಕೆ ಗಾಳಿ ಹಾಯಿಸಿರಿ. ಮುಖದ ಮೇಲಿನ ತಂಪುಗಾಳಿ ಏದುಸಿರಿನ ಅನುಭವವನ್ನು ಕಡಿಮೆ ಮಾಡುತ್ತದೆಂದು 2010ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಪ್ರಯೋಗವೊಂದು ತೋರಿಸಿತು.

4. ಕೆಲಸವನ್ನು ಹಂಚಿಕೊಳ್ಳಿರಿ. ತರಕಾರಿ ಹೆಚ್ಚುವುದನ್ನು ಕುಳಿತು ಮಾಡಿರಿ. ಮೆಟ್ಟಿಲೇರುವಾಗ ಉಸಿರು ಬಿಡುತ್ತ ಹೆಜ್ಜೆಯಿಡಿರಿ, ನಡುವೆ ನಿಲ್ಲಿರಿ.

5. ನಡಿಗೆಯನ್ನು ಪೂರ್ತಿ ಬಿಡಬೇಡಿರಿ. ಏದುಸಿರಿನ ಭಯದಿಂದ ಕುಳಿತೇ ಇದ್ದರೆ ಸ್ನಾಯುಗಳು ಸೊರಗಿ, ಮುಂದೆ ಸಣ್ಣ ಕೆಲಸಕ್ಕೂ ಏದುಸಿರು ಬರುತ್ತದೆ. ವೈದ್ಯರಿಗೆ ಕೇಳಿ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿರಿ. ನಡೆದ ಮರುದಿನ ಹಾಸಿಗೆ ಹಿಡಿಯುವಂತಾದರೆ ಅಷ್ಟು ನಡೆದದ್ದು ಹೆಚ್ಚಾಯಿತೆಂದು ತಿಳಿದು ಕಡಿಮೆ ಮಾಡಿರಿ.

ಕಾಗದದ ಚೀಲದೊಳಗೆ ಉಸಿರಾಡಿಸುವ ಹಳೆಯ ಪದ್ಧತಿ ಅಪಾಯಕಾರಿ. ಅದನ್ನು ಮಾಡಬಾರದು.

ನಮಾಝ್ ಮತ್ತು ಉಪವಾಸ

ಅನೇಕ ರೋಗಿಗಳನ್ನು ಒಳಗೊಳಗೇ ಕೊರೆಯುವ ಚಿಂತೆ ಇದು: "ನಿಂತು ನಮಾಝ್ ಮಾಡಲಾಗುತ್ತಿಲ್ಲ, ನನ್ನ ಇಬಾದತ್ ಸ್ವೀಕೃತವಾದೀತೇ?" ಮೂಲವ್ಯಾಧಿಯಿಂದ ಬಳಲುತ್ತಿದ್ದ ಇಮ್ರಾನ್ ಬಿನ್ ಹುಸೈನ್(ರ) ನಮಾಝಿನ ಬಗ್ಗೆ ಕೇಳಿದಾಗ ಪ್ರವಾದಿವರ್ಯರು(ಸ), ನಿಂತು ಮಾಡುವಂತೆಯೂ ಆಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಗ್ಗುಲಾಗಿ ಮಲಗಿ ಮಾಡುವಂತೆಯೂ ತಿಳಿಸಿದರು. ಸ್ವತಃ ಪ್ರವಾದಿವರ್ಯರು(ಸ) ಕುದುರೆಯಿಂದ ಬಿದ್ದು ಗಾಯಗೊಂಡಾಗಲೂ ಅಂತಿಮ ಕಾಯಿಲೆಯಲ್ಲಿಯೂ ಕುಳಿತು ನಮಾಝ್ ಮಾಡಿದ್ದಾರೆ. ಕುರ್ಚಿಯಲ್ಲಿ ಕುಳಿತು ನಮಾಝ್ ಮಾಡುವ ರೋಗಿಯನ್ನು ಓರೆಗಣ್ಣಿನಿಂದ ನೋಡುವವರು ಇದನ್ನು ನೆನಪಿಡಬೇಕು.

ಉಸಿರು ಸಾಲದವರಿಗೆ ನೆರವಾಗುವ ಇನ್ನೂ ಕೆಲವು ಮಾದರಿಗಳು ಸುನ್ನತ್‌ನಲ್ಲಿವೆ. ಇಕಾಮತ್ ಕೇಳಿದರೂ ಮಸೀದಿಗೆ ಓಡಿ ಬರಬಾರದು, ಶಾಂತವಾಗಿ ನಡೆದು ಬರಬೇಕೆಂದು ಆದೇಶವಿದೆ. ಪ್ರವಾದಿವರ್ಯರು(ಸ) ಒಂದೊಂದು ವಚನದ ಕೊನೆಗೂ ನಿಲ್ಲಿಸಿ ಪಠಿಸುತ್ತಿದ್ದರೆಂದು ಉಮ್ಮು ಸಲಮ(ರ) ತಿಳಿಸಿದ್ದಾರೆ. ಪ್ರತಿ ವಚನಕ್ಕೂ ಒಂದು ಉಸಿರು ಸಾಕಾಗುತ್ತದೆ. ಜನರಲ್ಲಿ ದುರ್ಬಲರೂ ರೋಗಿಗಳೂ ವೃದ್ಧರೂ ಇರುತ್ತಾರೆಂದು ಹೇಳಿ ಇಮಾಮರಿಗೆ ನಮಾಝನ್ನು ಹಗುರಗೊಳಿಸಲು ಅವರು ಆದೇಶಿಸಿದರು. ನಮ್ಮ ಮಸೀದಿಗಳ ಸಫ್‌ಗಳಲ್ಲಿ ಅಂತಹವರು ಎಷ್ಟು ಮಂದಿಯಿದ್ದಾರೆಂದು ಇಮಾಮರೂ ಕಮಿಟಿಯವರೂ ಯೋಚಿಸಬೇಕು.

ರಮಝಾನ್‌ನ ಉಪವಾಸದಲ್ಲಿ ರೋಗಿಗೆ ರಿಯಾಯಿತಿಯಿದೆಯೆಂಬುದು ಅಲ್ ಬಕರ ಅಧ್ಯಾಯದ 184 ಮತ್ತು 185ನೇ ವಚನಗಳಿಂದ ಸ್ಪಷ್ಟ. ಗುಣವಾಗುವ ಕಾಯಿಲೆಯಾದರೆ ಬೇರೆ ದಿನಗಳಲ್ಲಿ ಎಣಿಕೆ ಪೂರ್ತಿ ಮಾಡಬೇಕು, ಗುಣವಾಗುವ ನಿರೀಕ್ಷೆಯಿಲ್ಲದ ಕಾಯಿಲೆಯಾದರೆ ಫಿದ್ಯ ಕೊಡಬೇಕು. ಇನ್‌ಹೇಲರ್‌ನಿಂದ ಉಪವಾಸ ಮುರಿಯುತ್ತದೆಯೇ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಸೌದಿ ಅರೇಬಿಯದ ಶೈಖ್ ಇಬ್ನ್ ಬಾಝ್ ಮತ್ತು ಶೈಖ್ ಇಬ್ನ್ ಉಸೈಮೀನ್ ಮುರಿಯುವುದಿಲ್ಲವೆಂದರು. ಮುರಿಯುತ್ತದೆಂದು ಹೇಳುವ ಹನಫಿ, ಶಾಫಿ ವಿದ್ವಾಂಸರೂ ಅನೇಕರಿದ್ದಾರೆ. ನೀವು ನಂಬುವ ವಿದ್ವಾಂಸರನ್ನು ಕೇಳಿರಿ. ದಿನಕ್ಕೆರಡು ಬಾರಿಯ ಔಷಧಿಯನ್ನು ಸಹರಿ ಮತ್ತು ಇಫ್ತಾರ್‌ಗೆ ಹೊಂದಿಸಬಹುದೇ ಎಂದು ರಮಝಾನ್‌ಗೆ ಮುಂಚೆಯೇ ವೈದ್ಯರಲ್ಲಿ ವಿಚಾರಿಸಿರಿ. ಉಬ್ಬಸ ಏರಿದಾಗ ಮಾತ್ರ ಚರ್ಚೆಗೆ ಆಸ್ಪದವಿಲ್ಲ, ಆಗ ಔಷಧಿ ತೆಗೆದುಕೊಳ್ಳಲೇಬೇಕು. ಪ್ರಾಣ ಅಲ್ಲಾಹನು ಒಪ್ಪಿಸಿದ ಅಮಾನತ್ತು.

ಆರೋಗ್ಯವಿದ್ದಾಗ ಮಾಡುತ್ತಿದ್ದ ಸತ್ಕರ್ಮಗಳ ಪ್ರತಿಫಲ ಕಾಯಿಲೆಯ ದಿನಗಳಲ್ಲಿಯೂ ದಾಖಲಾಗುತ್ತಿರುತ್ತದೆಂದು ಅಬೂ ಮೂಸಾ(ರ) ವರದಿ ಮಾಡಿದ ಹದೀಸ್‌ನಲ್ಲಿದೆ. ತಹಜ್ಜುದ್‌ಗೆ ಏಳುತ್ತಿದ್ದ, ನೆರೆಯವರಿಗೆ ಊಟ ಕೊಂಡೊಯ್ಯುತ್ತಿದ್ದ ನಿಮ್ಮ ಪುಟ ಈಗಲೂ ಖಾಲಿಯಾಗಿಲ್ಲ.

ಮನೆಯವರಿಗೆ

ನಿಮ್ಮ ಮನೆಯಲ್ಲಿ ಇಂತಹವರಿದ್ದರೆ ಅವರ ಉಸಿರಿಗೆ ಸಾಕ್ಷ್ಯ ಕೇಳಬೇಡಿರಿ. ಏದುಸಿರು ಬಂದಾಗ ಸುತ್ತ ಗುಂಪುಗೂಡಿ ಗಾಬರಿಯಾಗಬೇಡಿರಿ. ಕಿಟಕಿ ತೆರೆದು, ಪಕ್ಕದಲ್ಲಿ ಕುಳಿತು, ನೀವೇ ನಿಧಾನವಾಗಿ ಉಸಿರಾಡಿ ತೋರಿಸಿರಿ. ಪ್ರಶ್ನೆ ಕೇಳುವುದಾದರೆ ತಲೆಯಾಡಿಸಿ ಉತ್ತರಿಸಬಹುದಾದ ಪ್ರಶ್ನೆ ಕೇಳಿರಿ. ಅತ್ತೆಯವರೇ, ನೀರಿನ ಕೊಡವನ್ನು ಮಗನ ಕೈಗೆ ಕೊಡಿರಿ. ಪ್ರವಾದಿವರ್ಯರು(ಸ) ಮನೆಗೆಲಸದಲ್ಲಿ ನೆರವಾಗುತ್ತಿದ್ದರೆಂದು ಆಯಿಶಾ(ರ) ಹೇಳಿದ್ದಾರೆ. ಗಂಡನಾದವನೇ, ಮುಂದಿನ ತಪಾಸಣೆಗೆ ಅವಳನ್ನು ಒಬ್ಬಳೇ ಕಳುಹಿಸದೆ ಜೊತೆಯಲ್ಲಿ ಹೋಗು.

ಇನ್ನು ಉಸಿರು ಸಾಲದ ಸಹೋದರ ಸಹೋದರಿಯರೇ, ಕಾರಣ ಸಿಗಲಿಲ್ಲವೆಂದು ನಿರಾಶರಾಗಬೇಡಿರಿ. ಕಾಯಿಲೆಗೆ ಹೆಸರು ಸಿಗುವ ಮೊದಲೇ ಅದರೊಂದಿಗೆ ಬದುಕುವುದನ್ನು ಕಲಿಯಲು ಸಾಧ್ಯ. ಹೊಸ ಲಕ್ಷಣ ಕಂಡರೆ ಮತ್ತೆ ವೈದ್ಯರಲ್ಲಿಗೆ ಹೋಗಿರಿ, ನಾಚಿಕೆ ಬೇಡ. ಸಾಮರ್ಥ್ಯಕ್ಕೆ ಮೀರಿದ ಹೊಣೆ ಅಲ್ಲಾಹನ ಬಳಿಯಲ್ಲಿ ಇಲ್ಲ. ನಾವು ಮನುಷ್ಯರೂ ಒಬ್ಬರ ಮೇಲೊಬ್ಬರು ಅದನ್ನು ಹೊರಿಸದಿರೋಣ.