ಬೆಟ್ಟದ ಸರೋವರದಲ್ಲಿ ನಾಯಿಯೊಡನೆ ದೋಣಿವಿಹಾರ

ಅಮೆರಿಕದ ಸಿಯೆರಾ ನೆವಾಡ ಪರ್ವತಗಳ ನಡುವೆ, ಸಮುದ್ರಮಟ್ಟದಿಂದ ಸುಮಾರು 6,225 ಅಡಿ ಎತ್ತರದಲ್ಲಿ ಟಾಹೋ ಎಂಬ ಸರೋವರವಿದೆ. ಅದರ ಅತ್ಯಧಿಕ ಆಳ ಸುಮಾರು 1,645 ಅಡಿ. ಬೇಸಗೆಯಲ್ಲಿ ಅಲ್ಲಿಗೆ ಬರುವವರು ಸಾಕುನಾಯಿಗಳನ್ನೂ ಕಯಾಕಿನಲ್ಲಿ ಕೂರಿಸಿಕೊಂಡು ವಿಹರಿಸುವುದುಂಟು. ಕಯಾಕ್ ಎಂಬುದು ಉತ್ತರಧ್ರುವದ ಸಮೀಪದ ಇನ್ಯೂಟ್ ಮೊದಲಾದ ಜನರು ಬೇಟೆಗಾಗಿ ನಿರ್ಮಿಸಿದ ಕಿರಿದಾದ ದೋಣಿ. ಪೂರ್ವದಲ್ಲಿ ಅದಕ್ಕೆ ಸೀಲ್ ಪ್ರಾಣಿಯ ಚರ್ಮವನ್ನು ಹೊದಿಸುತ್ತಿದ್ದರು.

ಇಂತಹ ದೋಣಿಯು ಏಕೆ ಮಗುಚುತ್ತದೆಂಬುದನ್ನು ನಾವು ವಿಚಾರಿಸೋಣ. ಅದರ ಅಗಲ ಕಡಿಮೆ. ಭಾರವು ತಳದಲ್ಲಿ, ನಟ್ಟನಡುವೆ ಇರುವವರೆಗೆ ಅದು ಸ್ಥಿರವಾಗಿರುತ್ತದೆ. ನಾಯಿ ಎದ್ದು ನಿಂತರೆ ಗುರುತ್ವಕೇಂದ್ರವು ಮೇಲೇರುತ್ತದೆ. ಬಾತುಕೋಳಿಯನ್ನು ಕಂಡು ಒಂದು ಬದಿಗೆ ನೆಗೆದರೆ ದೋಣಿಯೂ ಅತ್ತ ವಾಲುತ್ತದೆ. ಆದುದರಿಂದ ಮೊದಲು ದಡದ ಮೇಲೆಯೇ ದೋಣಿಯನ್ನಿಟ್ಟು, ಅದರಲ್ಲಿ ಸುಮ್ಮನೆ ಕುಳಿತಿರುವುದನ್ನು ನಾಯಿಗೆ ಕಲಿಸಬೇಕು.

ಬಿಸಿಲು ನೀರಿನ ಮೇಲ್ಪದರವನ್ನು ಮಾತ್ರ ಬೆಚ್ಚಗಾಗಿಸುತ್ತದೆ. ಹಿಮ ಕರಗುವ ಬೇಸಗೆಯ ಆರಂಭದಲ್ಲಿ ಆ ಪದರವೂ ಕೊರೆಯುತ್ತಿರುತ್ತದೆ. ಅದರಲ್ಲಿ ಥಟ್ಟನೆ ಬಿದ್ದವನಿಗೆ ಉಸಿರು ಹಿಡಿತ ತಪ್ಪುತ್ತದೆ. ಈಜು ಬಲ್ಲವನ ಕೈಕಾಲುಗಳೂ ಸೋಲುತ್ತವೆ. ಮನುಷ್ಯನಿಗೂ ನಾಯಿಗೂ ಲೈಫ್ ಜಾಕೆಟ್ ಅವಶ್ಯ. ನಾಯಿಯ ಹಗ್ಗವನ್ನು ದೋಣಿಗೆ ಕಟ್ಟಬಾರದು. ದೋಣಿ ಮಗುಚಿದರೆ ಆ ಹಗ್ಗವೇ ಉರುಳಾದೀತು.

ಮಕ್ಕಳೇ, ಮೂಕಪ್ರಾಣಿಯು ನಮ್ಮನ್ನು ನಂಬಿ ದೋಣಿಯನ್ನೇರುತ್ತದೆ. ನೀರಿನ ಅಪಾಯವನ್ನು ಅದು ಅರಿಯದು. ಅದರ ಪರವಾಗಿ ಅರಿತಿರಬೇಕಾದವರು ನಾವು.