ಒಂದು ಹೈಡ್ರೋಜನ್ ಸಿಕ್ಕಿದರೆ ಕತ್ತರಿ

ಪುತ್ತೂರು, ಸುಳ್ಯ, ಕಡಬದ ಕಡೆಯವರಿಗೆ ಎಲೆ-ಅಡಿಕೆಯ ಪರಿಚಯ ಮಾಡಿಕೊಡಬೇಕಾಗಿಲ್ಲ. ನಮ್ಮಲ್ಲಿ ಎಷ್ಟೋ ಜನರ ಸೆಮಿಸ್ಟರ್ ಫೀಸು ಕಟ್ಟುವುದೇ ಚಾಲಿ ಅಡಿಕೆ. ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಹೋಳು ಇಟ್ಟು ಜಗಿಯುವಾಗ ಬಾಯಿಯೊಳಗೆ ಒಂದು ರಿಯಾಕ್ಷನ್ ನಡೆಯುತ್ತದೆ. ಅಲ್ಲಿಂದಲೇ ಈ ಪಾಠ ಶುರು ಮಾಡುವ.

ಅಡಿಕೆಯ ಒಗರಿಗೆ ಕಾರಣ ಪಾಲಿಫಿನಾಲ್‌ಗಳು. ಸುಣ್ಣದಿಂದ ಪಿಎಚ್ ಏರಿದಾಗ ಇವು ಆಮ್ಲಜನಕದೊಂದಿಗೆ ವರ್ತಿಸಿ ಸೂಪರಾಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತವೆ. ಕಬ್ಬಿಣ ಅಥವಾ ತಾಮ್ರದ ಅಯಾನು ಜೊತೆ ಸಿಕ್ಕಿತೋ, ಹೈಡ್ರಾಕ್ಸಿಲ್ ರಾಡಿಕಲ್ ತಯಾರು. ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಸುಲಭವಾಗಿ ಆಕ್ಸಿಡೈಸ್ ಆಗುವುದು ಗ್ವಾನಿನ್, ಅಂದರೆ ಜಿ. ಅದು 8-ಆಕ್ಸೋಗ್ವಾನಿನ್ ಆಗುತ್ತದೆ: ಎಂಟನೇ ಸ್ಥಾನದಲ್ಲಿ ಒಂದು ಆಕ್ಸಿಜನ್, ಪಕ್ಕದ ಏಳನೇ ನೈಟ್ರೋಜನ್ ಮೇಲೆ ಒಂದು ಹೈಡ್ರೋಜನ್. ಅಷ್ಟೇ ವ್ಯತ್ಯಾಸ. ಆದರೆ ನಕಲು ಆಗುವಾಗ ಇದು ಮಗುಚಿ ಕೂತು, ಸಿ ಬದಲು ಎ ಜೊತೆ ಜೋಡಿಯಾಗಬಲ್ಲದು. ಇನ್ನೊಂದು ಸುತ್ತು ನಕಲಾದರೆ ಜಿ ಇದ್ದಲ್ಲಿ ಟಿ ಖಾಯಂ.

ಒಂದು ಕೋಶದಲ್ಲಿರುವ ಸುಮಾರು 600 ಕೋಟಿ ಜೋಡಿಗಳಲ್ಲಿ ಇದನ್ನು ಹುಡುಕುವ ಕಿಣ್ವ ಒಜಿಜಿ1. ಕ್ಯಾಮೆರಾ ಇಲ್ಲ, ಎಟಿಪಿ ಖರ್ಚೂ ಇಲ್ಲ. ಉಷ್ಣಚಲನೆಯಲ್ಲೇ ಡಿಎನ್‌ಎ ಮೇಲೆ ಜಾರುತ್ತಾ ಹೋಗುತ್ತದೆ. ಎಳೆಯನ್ನು ಬಗ್ಗಿಸಿ, ಅನುಮಾನದ ಅಕ್ಷರವನ್ನು ಹೊರಕ್ಕೆ ತಿರುಗಿಸಿ ತನ್ನ ಕಿಸೆಯೊಳಗೆ ಹಾಕಿಕೊಂಡು ನೋಡುತ್ತದೆ. ಹಾರ್ವರ್ಡ್‌ನ ಗ್ರೆಗರಿ ವರ್ಡೈನ್ ತಂಡ 2000ದಲ್ಲಿ ಇದರ ರಚನೆ ಪ್ರಕಟಿಸಿದಾಗ ಒಂದು ಮಜಾ ಗೊತ್ತಾಯಿತು. ಹೊಸದಾಗಿ ಸೇರಿದ ಆಕ್ಸಿಜನ್ ಅನ್ನು ಕಿಣ್ವ ಹಿಡಿದುಕೊಳ್ಳುವುದೇ ಇಲ್ಲ! ಅದು ಗುರುತಿಸುವುದು ಪಕ್ಕದ ಆ ಹೈಡ್ರೋಜನ್ನನ್ನು, ಒಂದೇ ಒಂದು ಹೈಡ್ರೋಜನ್ ಬಂಧದಿಂದ. ಸರಿಯಾದ ಜಿಯಲ್ಲಿ ಆ ಹೈಡ್ರೋಜನ್ ಇಲ್ಲ, ಹಾಗಾಗಿ ಬಚಾವ್.

ಕತ್ತರಿಸುವುದು ಎರಡು ಹಂತ. ಒಜಿಜಿ1 ಮೊದಲು ಅಕ್ಷರವನ್ನು ಸಕ್ಕರೆಯಿಂದ ಬಿಡಿಸುತ್ತದೆ. ಎಳೆ ಇನ್ನೂ ಇಡಿಯಾಗಿಯೇ ಉಂಟು. ಖಾಲಿ ಜಾಗ ನೋಡಿ ಎಳೆ ಕತ್ತರಿಸುವುದು ಎಪಿಇ1. ಮತ್ತೆ ಪಾಲಿಮರೇಸ್ ಹೊಸ ಜಿ ತುಂಬುತ್ತದೆ, ಲೈಗೇಸ್ ಬೆಸೆಯುತ್ತದೆ. ಈ ದುರಸ್ತಿ ದಾರಿಯನ್ನು ತೋರಿಸಿದ ತೋಮಸ್ ಲಿಂಡಾಲ್‌ಗೆ 2015ರ ರಸಾಯನಶಾಸ್ತ್ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು.

ಕೋಡ್ ಬರೆಯುವವರು ಇದನ್ನು ಗಮನಿಸಿ. ಎದುರಿಗೆ ಸಿ ಇದ್ದರೆ ಮಾತ್ರ ಒಜಿಜಿ1 ಸರಿಯಾಗಿ ಕತ್ತರಿಸುತ್ತದೆ. ಎ ಇದ್ದರೆ? ಆಗ ಹಾಳಾದ ಜಿಯನ್ನು ತೆಗೆದರೆ, ಎ ನೋಡಿಕೊಂಡು ಟಿ ತುಂಬಿ ತಪ್ಪೇ ಪಕ್ಕಾ ಆಗುತ್ತದೆ. ಅದಕ್ಕೆ ಮತ್ತೊಂದು ಕಿಣ್ವ ಎಂಯುಟಿವೈಎಚ್, ಯಾವ ಹಾನಿಯೂ ಇಲ್ಲದ ಆ ಎಯನ್ನೇ ತೆಗೆಯುತ್ತದೆ. ಅಲ್ಲಿ ಸಿ ಕೂತ ಮೇಲೆ ಒಜಿಜಿ1ರ ಸರದಿ.

ಇಷ್ಟೆಲ್ಲ ಇದ್ದೂ, ಕೋಶ ವಿಭಜನೆಯಾಗುವ ಮೊದಲು ಎಲ್ಲ ದುರಸ್ತಿ ಮುಗಿಯಲೇಬೇಕೆಂದಿಲ್ಲ. ದಿನವಿಡೀ ಕೆನ್ನೆಯ ಒಂದೇ ಕಡೆ ಎಲೆ-ಅಡಿಕೆ ಇಟ್ಟುಕೊಳ್ಳುವವರಲ್ಲಿ ಕೆಲಸ ಬಾಕಿ ಉಳಿಯುವ ಸಂಭವ ಹೆಚ್ಚು. ಅಡಿಕೆಯ ಅರೆಕೊಲಿನ್, ಅದರಿಂದಾಗುವ ನೈಟ್ರೋಸಮೀನ್‌ಗಳ ಕಥೆ ಬೇರೆಯೇ.

ಮನೆಯಲ್ಲಿ ಇದನ್ನು ಹೇಳಿ ನೋಡಿ, "ಅದೆಲ್ಲ ಹೊಗೆಸೊಪ್ಪಿನಿಂದ ಮಾರಾಯ" ಅಂತ ಉತ್ತರ ಬರುತ್ತದೆ. ಬೆಲೆ ಬಿದ್ದರೆ ಏನು ಗತಿ ಎಂಬ ಹೆದರಿಕೆ ಅದರ ಹಿಂದೆ ಉಂಟು, ಅದು ಸುಳ್ಳಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿ ಹೊಗೆಸೊಪ್ಪು ಇಲ್ಲದ ಎಲೆ-ಅಡಿಕೆಯನ್ನು ಪ್ರತ್ಯೇಕವಾಗಿ ನೋಡಿತು. ಅದನ್ನೂ, ಅಡಿಕೆಯನ್ನೂ ಒಂದನೇ ಗುಂಪಿಗೇ ಹಾಕಿತು. ಹೊಗೆಸೊಪ್ಪು ಸೇರಿಸದೆ ಅಡಿಕೆ ಜಗಿಯುವ ತೈವಾನ್‌ನಲ್ಲೂ ಬಾಯಿ ಕ್ಯಾನ್ಸರ್ ದೊಡ್ಡ ಸಮಸ್ಯೆ. ಮನೆಯಲ್ಲಿ ಜಗಿಯುವವರಿಗೆ ಖಾರ ತಿಂದರೆ ಬಾಯಿ ಉರಿಯುತ್ತಿದ್ದರೆ, ಬಾಯಿ ಮೊದಲಿನಷ್ಟು ಅಗಲ ತೆರೆಯದಿದ್ದರೆ, ಈ ರಜೆಯಲ್ಲೇ ದಂತವೈದ್ಯರಲ್ಲಿಗೆ ಕರೆದುಕೊಂಡು ಹೋಗಿ.