ಹೆಬ್ಬೆರಳಿನ ಗಂಟು ಮತ್ತು ಬೇಸಗೆಯ ಚಪ್ಪಲಿ: ಪಾದರಕ್ಷೆ ವರ್ತಕರಿಗೊಂದು ಪಾಠ

ಮಾರ್ಚ್ ತಿಂಗಳು ಬಂತೆಂದರೆ ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳ ಪಾದರಕ್ಷೆ ಅಂಗಡಿಗಳಲ್ಲಿ ಬೇಸಗೆಯ ವ್ಯಾಪಾರ ಆರಂಭವಾಗುತ್ತದೆ. ಎಪ್ರಿಲ್‌ನಲ್ಲಿ ವಿಷು ಮತ್ತು ಪುತ್ತೂರು ಶ್ರೀ ಮಹಾಲಿಂಗೇಶ್ವರ ದೇವರ ಜಾತ್ರೆ, ಅದರ ಬೆನ್ನಿಗೇ ಮೇ ತಿಂಗಳ ಕೊನೆಯವರೆಗೆ ಮದುವೆ, ಉಪನಯನ, ಗೃಹಪ್ರವೇಶಗಳು. ಜೂನ್‌ನಲ್ಲಿ ಮಳೆ ಹಿಡಿದರೆ ಚರ್ಮದ ಚಪ್ಪಲಿಯನ್ನು ಕೇಳುವವರಿಲ್ಲ. ಆದುದರಿಂದ ವರ್ತಕನ ಕೈಯಲ್ಲಿರುವುದು ಸುಮಾರು 90 ದಿನಗಳ ಅವಧಿ ಮಾತ್ರ. ಈ ಅವಧಿಯಲ್ಲಿ ಪ್ರತಿ ಅಂಗಡಿಗೂ ಬರುವ, ಆದರೆ ಹೆಚ್ಚಾಗಿ ಬರಿಗೈಯಲ್ಲಿ ಹಿಂದಿರುಗುವ ಒಂದು ವರ್ಗದ ಗ್ರಾಹಕರಿದ್ದಾರೆ. ಅವರೇ ಕಾಲಿನ ಹೆಬ್ಬೆರಳಿನ ಬುಡದಲ್ಲಿ ಗಂಟು ಇರುವವರು.

ಐವತ್ತು ದಾಟಿದ ಮಹಿಳೆಯೊಬ್ಬರು ಅಂಗಡಿಗೆ ಬಂದು, "ಮದುವೆಗೆ ಹಾಕಲಿಕ್ಕೆ ಚಂದದ್ದು ಬೇಕು, ಆದರೆ ಇಲ್ಲಿ ಒತ್ತಬಾರದು" ಎಂದು ಪಾದದ ಒಳಬದಿಯನ್ನು ತೋರಿಸುತ್ತಾರೆ. ಸಹಾಯಕ ಹತ್ತು ಜೊತೆ ತೆಗೆದು ಹರಡುತ್ತಾನೆ. ಒಂದೂ ಆಗುವುದಿಲ್ಲ. ಕೊನೆಗೆ, "ಅಮ್ಮಾ, ಒಂದು ನಂಬರ್ ದೊಡ್ಡದು ಕೊಡುತ್ತೇನೆ" ಎನ್ನುತ್ತಾನೆ. ಅವರು ಒಲ್ಲದ ಮನಸ್ಸಿನಿಂದ ಕೊಳ್ಳುತ್ತಾರೆ, ಇಲ್ಲವೇ ರಬ್ಬರ್ ಹವಾಯಿ ಸಾಕೆಂದು ಎದ್ದು ಹೋಗುತ್ತಾರೆ. ರೇಷ್ಮೆ ಸೀರೆಗೆ ಹವಾಯಿ ಮೆಟ್ಟಿ ಮದುವೆಯ ಚಪ್ಪರಕ್ಕೆ ಬರುವ ಹಿರಿಯರನ್ನು ಕಂಡಾಗ ಅದು ಜಿಪುಣತನವೆಂದು ಭಾವಿಸಬೇಕಾಗಿಲ್ಲ. ಅನೇಕ ಸಂದರ್ಭಗಳಲ್ಲಿ ಅದು ಅಂಗಡಿಗಳ ಸೋಲು.

ಗಂಟು ಎಂದರೇನು?

ವೈದ್ಯರು ಇದನ್ನು ಹ್ಯಾಲಕ್ಸ್ ವ್ಯಾಲ್ಗಸ್ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಬಳಕೆಯ ಹೆಸರು ಬನಿಯನ್. ನಮ್ಮಲ್ಲಿ ಆ ಹೆಸರು ಹೇಳಿದರೆ ಗ್ರಾಹಕರು ಒಳ ಅಂಗಿಯ ಅಂಗಡಿಯನ್ನು ಹುಡುಕಿಯಾರು. ಹೆಬ್ಬೆರಳು ಪಕ್ಕದ ಬೆರಳಿನ ಕಡೆಗೆ ವಾಲುತ್ತದೆ. ಅದರ ಹಿಂದಿನ ಪಾದದ ಎಲುಬು ಒಳಬದಿಗೆ ಸರಿಯುತ್ತದೆ. ಎರಡೂ ಸೇರುವ ಸಂದು ಹೊರಕ್ಕೆ ಉಬ್ಬಿ ನಿಲ್ಲುತ್ತದೆ. ಅದು ಹೆಚ್ಚಿನವರು ತಿಳಿದಂತೆ ಹೊಸದಾಗಿ ಬೆಳೆದ ಎಲುಬಲ್ಲ, ಸ್ಥಾನ ತಪ್ಪಿದ ಎಲುಬು. ಪಾದದ ಆನುವಂಶಿಕ ರಚನೆ ಹಾಗೂ ಸಂಧಿವಾತ ಇದಕ್ಕೆ ಕಾರಣವಾಗಬಹುದು; ಮುಂಭಾಗ ಚೂಪಾದ, ಇಕ್ಕಟ್ಟಾದ ಪಾದರಕ್ಷೆ ಇದನ್ನು ಉಲ್ಬಣಗೊಳಿಸುತ್ತದೆ. ಮಹಿಳೆಯರಲ್ಲಿ ಹಾಗೂ ವಯಸ್ಸಾದವರಲ್ಲಿ ಇದು ಹೆಚ್ಚು.

ವರ್ತಕರು ಮುಖ್ಯವಾಗಿ ಗಮನಿಸಬೇಕಾದ ಅಂಶವೊಂದಿದೆ. ಯಾವ ಚಪ್ಪಲಿಯೂ ವಾಲಿದ ಎಲುಬನ್ನು ನೇರ ಮಾಡಲಾರದು. ಅದು ಶಸ್ತ್ರಚಿಕಿತ್ಸೆಯಿಂದ ಮಾತ್ರ ಸಾಧ್ಯ. ಒಳ್ಳೆಯ ಚಪ್ಪಲಿ ಉಜ್ಜುವಿಕೆಯನ್ನೂ ಒತ್ತಡವನ್ನೂ ತಗ್ಗಿಸಿ ನೋವನ್ನು ಕಡಿಮೆ ಮಾಡುತ್ತದೆ. ಅಷ್ಟನ್ನು ಪ್ರಾಮಾಣಿಕವಾಗಿ ಮಾಡಿದರೆ ಗ್ರಾಹಕರು ಮತ್ತೆ ಬರುತ್ತಾರೆ.

ಅಳತೆಯ ಕ್ರಮ

ಒಂದು ನಂಬರ್ ದೊಡ್ಡದು ಕೊಡುವ ಪದ್ಧತಿ ಏಕೆ ತಪ್ಪು ಎಂಬುದನ್ನು ಲೆಕ್ಕವೇ ಹೇಳುತ್ತದೆ. ನಮ್ಮಲ್ಲಿ ರೂಢಿಯಲ್ಲಿರುವ ಬ್ರಿಟಿಷ್ ಅಳತೆಯಲ್ಲಿ ಒಂದು ನಂಬರ್ ಎಂದರೆ ಉದ್ದದಲ್ಲಿ ಇಂಚಿನ ಮೂರನೆಯ ಒಂದಂಶ, ಅಂದರೆ ಸುಮಾರು 8.5 ಮಿಲಿಮೀಟರ್. ಅಗಲ ಹೆಚ್ಚುವುದು ಅದರ ಒಂದು ಸಣ್ಣ ಪಾಲಿನಷ್ಟು ಮಾತ್ರ. ಗ್ರಾಹಕರಿಗೆ ಬೇಕಾದದ್ದು ಅಗಲ, ದೊರೆಯುವುದು ಉದ್ದ. ಹಿಮ್ಮಡಿ ಜಾರುತ್ತದೆ, ಬೆರಳುಗಳು ಚಪ್ಪಲಿಯನ್ನು ಹಿಡಿದುಕೊಳ್ಳಲು ಬಿಗಿಯುತ್ತವೆ, ಮೆಟ್ಟಿಲಿನಲ್ಲಿ ಎಡವುವ ಅಪಾಯವೂ ಇದೆ. ಚೆನ್ನೈಯ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯು 2021ರ ಡಿಸೆಂಬರ್‌ನಿಂದ 2022ರ ಮಾರ್ಚ್ ವರೆಗೆ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರ ಪಾದಗಳನ್ನು ಅಳೆದು, ಭಾರತೀಯರ ಪಾದ ಸಾಮಾನ್ಯವಾಗಿ ಹೆಚ್ಚು ಅಗಲವೆಂದು ಕಂಡುಕೊಂಡಿತು. "ಭ" ಎಂಬ ಭಾರತೀಯ ಅಳತೆ ಪದ್ಧತಿಯ ಪ್ರಸ್ತಾಪಕ್ಕೆ ಇದೇ ಆಧಾರ. ಸಾಮಾನ್ಯ ಪಾದಕ್ಕೇ ಇಕ್ಕಟ್ಟಾಗುವ ಅಚ್ಚು ಗಂಟಿರುವ ಪಾದಕ್ಕೆ ಹೇಗೆ ಹೊಂದೀತು?

ಸರಿಯಾದ ಕ್ರಮ ಸರಳವಾಗಿದೆ. ಗ್ರಾಹಕರನ್ನು ಬಿಳಿ ಕಾಗದದ ಮೇಲೆ ನಿಲ್ಲಿಸಿ ಎರಡೂ ಪಾದಗಳ ಸುತ್ತ ಪೆನ್ಸಿಲಿನಿಂದ ಗೆರೆ ಎಳೆಯಬೇಕು; ಕುಳಿತಾಗ ಪಾದ ಪೂರ್ಣವಾಗಿ ಹರಡುವುದಿಲ್ಲ. ಪಾದ ದಿನವಿಡೀ ಓಡಾಡಿದ ಬಳಿಕ ಊದಿಕೊಳ್ಳುವುದರಿಂದ ಅಪರಾಹ್ನದ ಅಥವಾ ಸಂಜೆಯ ಅಳತೆ ಹೆಚ್ಚು ನಂಬಿಕೆಗೆ ಅರ್ಹ. ಎರಡು ಪಾದಗಳಲ್ಲಿ ದೊಡ್ಡದನ್ನು ಆಧಾರವಾಗಿಟ್ಟುಕೊಳ್ಳಬೇಕು. ಅನಂತರ ಚಪ್ಪಲಿಯ ಅಟ್ಟೆಯನ್ನು ಆ ಚಿತ್ರದ ಮೇಲಿಟ್ಟು ನೋಡಿದರೆ, ಗಂಟು ಎಲ್ಲಿ ಹೊರಚಾಚುತ್ತದೆ, ಪಟ್ಟಿಯ ಅಂಚು ಎಲ್ಲಿ ಬೀಳುತ್ತದೆ ಎಂಬುದು ತೊಡಿಸುವ ಮೊದಲೇ ತಿಳಿಯುತ್ತದೆ.

ಆಯ್ಕೆಯ ಐದು ಲಕ್ಷಣಗಳು

1. ಪಟ್ಟಿಯ ಸ್ಥಾನ: ಪಟ್ಟಿಯ ಅಂಚಾಗಲಿ ಹೊಲಿಗೆಯಾಗಲಿ ಬಕಲ್ ಆಗಲಿ ಗಂಟಿನ ಮೇಲೆ ಬೀಳಬಾರದು. ಗಂಟನ್ನು ಪೂರ್ತಿ ಮುಚ್ಚುವ ಅಗಲವಾದ ಮೆತ್ತನೆಯ ಪಟ್ಟಿ, ಅಥವಾ ಗಂಟಿನ ಮುಂದೆ ಮತ್ತು ಹಿಂದೆ ಹಾದುಹೋಗುವ ಎರಡು ಪಟ್ಟಿ ಉತ್ತಮ.

2. ಹೊಂದಿಸುವ ಸೌಲಭ್ಯ: ವೆಲ್ಕ್ರೋ ಪಟ್ಟಿ ಸಂಜೆಯ ಊತಕ್ಕೆ ತಕ್ಕಂತೆ ಸಡಿಲಗೊಳ್ಳುತ್ತದೆ. ಮನೆ, ದೇವಸ್ಥಾನ, ಚಪ್ಪರ ಎಲ್ಲೆಡೆ ಚಪ್ಪಲಿ ಕಳಚುವ ನಮ್ಮ ಪದ್ಧತಿಯಲ್ಲಿ, ಬಗ್ಗಿ ಬಕಲ್ ಬಿಚ್ಚುವುದು ಹಿರಿಯರಿಗೆ ಕಷ್ಟ.

3. ಹಿಮ್ಮಡಿಯ ಹಿಡಿತ: ಹಿಂದೆ ಪಟ್ಟಿಯಿದ್ದರೆ ಬೆರಳುಗಳು ಬಿಗಿಯಬೇಕಾಗಿಲ್ಲ. ಬೆರಳಸಂದಿನ ಕಡ್ಡಿಯಿರುವ ಚಪ್ಪಲಿ ಹೆಚ್ಚಿನವರಿಗೆ ಹೊಂದದು, ಏಕೆಂದರೆ ಹೆಬ್ಬೆರಳು ವಾಲಿದಾಗ ಆ ಸಂದು ಕಿರಿದಾಗಿರುತ್ತದೆ.

4. ತಗ್ಗಿನ ಹಿಮ್ಮಡಿ: ಎತ್ತರದ ಹಿಮ್ಮಡಿ ದೇಹದ ಭಾರವನ್ನು ನೇರವಾಗಿ ಗಂಟಿರುವ ಸಂದಿನ ಮೇಲೆ ನೂಕುತ್ತದೆ.

5. ಅಟ್ಟೆ: ಒಳಗೆ ಮೃದು, ಹೊರಗೆ ಗಟ್ಟಿ. ಕೈಯಲ್ಲಿ ಕಾಗದದಂತೆ ಮಡಚಬಹುದಾದ ಅಟ್ಟೆ ನೋವಿರುವ ಸಂದನ್ನು ಪ್ರತಿ ಹೆಜ್ಜೆಗೂ ಬಗ್ಗಿಸುತ್ತದೆ.

ಇಷ್ಟಾದರೂ ಚಂದದ ಪ್ರಶ್ನೆ ಉಳಿಯುತ್ತದೆ. ಬೂದು ಬಣ್ಣದ "ಡಾಕ್ಟರ್ ಚಪ್ಪಲಿ" ಮುಂದಿಟ್ಟರೆ ಮದುವೆಗೆ ಹೊರಟವರು ಒಪ್ಪುವುದಿಲ್ಲ, ಒಪ್ಪಬೇಕೆಂದೂ ಇಲ್ಲ. ಹೊನ್ನಿನ, ತಾಮ್ರದ, ಕಡುಗೆಂಪಿನ ಬಣ್ಣಗಳಲ್ಲಿ, ಪಟ್ಟಿಯ ಹೊರಬದಿಯಲ್ಲಿ ಮಾತ್ರ ಅಲಂಕಾರವಿರುವ ವಿನ್ಯಾಸಗಳನ್ನು ಕೇಳಿ ತರಿಸಬೇಕು. ಮಣಿ, ಕಲ್ಲುಗಳ ಕೆಲಸ ಗಂಟಿನ ಬದಿಯಲ್ಲಿದ್ದರೆ ಅದೇ ಗಾಯಕ್ಕೆ ಕಾರಣ.

ಕೊಲ್ಹಾಪುರಿ ಚಪ್ಪಲಿಯ ವಿಷಯವನ್ನು ಇಲ್ಲಿ ಹೇಳಲೇಬೇಕು. ಅದರ ಭೌಗೋಳಿಕ ಸೂಚಕವು ಮಹಾರಾಷ್ಟ್ರದ 4 ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳಿಗೂ ಸೇರಿದೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಸಂಸ್ಥೆ ಮಿಲಾನಿನಲ್ಲಿ ಇದನ್ನೇ ಹೋಲುವ ಚಪ್ಪಲಿಯನ್ನು ಪ್ರದರ್ಶಿಸಿದ ಮೇಲೆ ಬೇಡಿಕೆಯೂ ಕುತೂಹಲವೂ ಹೆಚ್ಚಿದವು. ಇದರ ಹೆಬ್ಬೆರಳಿನ ಉಂಗುರ ಗಂಟಿರುವವರಿಗೆ ಬಿಗಿಯಾಗುವುದುಂಟು. ಆದರೆ ಉಂಗುರವಿಲ್ಲದ, ಪಟ್ಟಿ ಅಗಲವಾದ ಜೊತೆಗಳನ್ನು ಕುಶಲಕರ್ಮಿಗಳಿಗೆ ಪಾದದ ಚಿತ್ರ ಕಳುಹಿಸಿ ಮಾಡಿಸಲು ಸಾಧ್ಯ. ಅಪ್ಪಟ ಚರ್ಮ ಧರಿಸಿದಂತೆ ಪಾದಕ್ಕೆ ಹೊಂದಿಕೊಳ್ಳುವುದೂ ಅನುಕೂಲವೇ. ಪೇಟೆಯಲ್ಲಿರುವ ಚಪ್ಪಲಿ ಹೊಲಿಯುವವರೊಂದಿಗೆ ಹೊಂದಾಣಿಕೆ ಮಾಡಿಕೊಂಡರೆ, ಪಟ್ಟಿಯನ್ನು ಸ್ವಲ್ಪ ಸರಿಸುವ, ಹೆಚ್ಚುವರಿ ತೂತು ಹಾಕುವ ಕೆಲಸ ಅಲ್ಲಿಯೇ ಮುಗಿಯುತ್ತದೆ.

ದಾಸ್ತಾನಿನ ಲೆಕ್ಕ

ಉದಾಹರಣೆಗಾಗಿ ಕಲ್ಪಿತ ಅಂಕಿಗಳನ್ನು ಪರಿಗಣಿಸಬಹುದು. ಒಬ್ಬ ವರ್ತಕ 6 ವಿನ್ಯಾಸಗಳಲ್ಲಿ 10ರಂತೆ 60 ಜೊತೆಗಳನ್ನು ತಲಾ ರೂ. 700ಕ್ಕೆ ಒಮ್ಮೆಗೇ ಖರೀದಿಸುತ್ತಾನೆ, ವೆಚ್ಚ ರೂ. 42,000. ಮೇ ಅಂತ್ಯದೊಳಗೆ 36 ಜೊತೆ ತಲಾ ರೂ. 1,000ಕ್ಕೆ, 14 ಜೊತೆ ರಿಯಾಯಿತಿಯಲ್ಲಿ ರೂ. 500ಕ್ಕೆ ಹೋಗುತ್ತವೆ, 10 ಉಳಿಯುತ್ತವೆ. ಮಾರಾಟ ರೂ. 43,000, ಉಳಿದವು ವ್ಯರ್ಥವಾದರೆ ಕೈಗೆ ಬರುವ ಲಾಭ ರೂ. 1,000. ಎರಡನೆಯ ವರ್ತಕ ಹೊಂದಿಸಬಹುದಾದ ಪಟ್ಟಿಯ 3 ವಿನ್ಯಾಸಗಳಲ್ಲಿ 30 ಜೊತೆ ತಂದು, ಮಾರಾಟವಾದ ನಂಬರುಗಳನ್ನು ಮಾತ್ರ ನೋಡಿಕೊಂಡು ಮತ್ತೆ 20 ತರಿಸುತ್ತಾನೆ, ವೆಚ್ಚ ರೂ. 35,000. 44 ಜೊತೆ ಪೂರ್ಣ ಬೆಲೆಗೆ, 6 ಅರ್ಧ ಬೆಲೆಗೆ ಮಾರಾಟವಾದರೆ ಬರುವುದು ರೂ. 47,000, ಲಾಭ ರೂ. 12,000. ಒಂದೇ ಪಟ್ಟಿ ಹಲವು ಅಗಲದ ಪಾದಗಳಿಗೆ ಹೊಂದುವುದರಿಂದ ಕಡಿಮೆ ಬಂಡವಾಳದಲ್ಲಿ ಹೆಚ್ಚು ಜನರಿಗೆ ಮಾರಲು ಸಾಧ್ಯವಾಯಿತು.

ಉಳಿದ ಸರಕನ್ನು ಮುಂದಿನ ವರ್ಷಕ್ಕೆ ಇಡೋಣವೆಂಬ ಆಸೆ ಅಪಾಯಕರ. ನಮ್ಮ ಮಳೆಗಾಲದ ತೇವಕ್ಕೆ ಚರ್ಮ ಬೂಸ್ಟು ಹಿಡಿಯುತ್ತದೆ. ಪಾಲಿಯುರಿಥೇನ್ ಅಟ್ಟೆ ತೇವಾಂಶದಿಂದ ಒಳಗೊಳಗೇ ಶಿಥಿಲಗೊಂಡು ಧರಿಸಿದ ಕೆಲವೇ ದಿನಗಳಲ್ಲಿ ಪುಡಿಯಾಗಬಹುದು. ವರ್ಷಾಂತ್ಯದ ದಾಸ್ತಾನನ್ನು ಕೊಂಡ ಬೆಲೆ ಅಥವಾ ಮಾರಿದರೆ ನಿವ್ವಳವಾಗಿ ದೊರೆಯಬಹುದಾದ ಬೆಲೆ, ಇವೆರಡರಲ್ಲಿ ಕಡಿಮೆಯಾದುದಕ್ಕೆ ತೋರಿಸಬೇಕೆಂಬ ನಿಯಮದ ಹಿಂದಿರುವುದು ಇದೇ ವಾಸ್ತವ. ಸರಕನ್ನು ಪೂರ್ಣವಾಗಿ ಲೆಕ್ಕದಿಂದ ತೆಗೆದುಹಾಕಿದರೆ ಅದರ ಮೇಲೆ ಪಡೆದ ಹೂಡುವಳಿ ತೆರಿಗೆಯ ಜಮೆಯನ್ನು ಹಿಂದಿರುಗಿಸಬೇಕಾಗುತ್ತದೆ ಎಂಬುದೂ ನೆನಪಿರಲಿ.

ತೆರಿಗೆ ಮತ್ತು ಕಾನೂನು

ಪಾದರಕ್ಷೆಯ ಜಿಎಸ್‌ಟಿ ದರ ಹಲವು ಬಾರಿ ಬದಲಾಗಿದೆ. 2022ರ ಜನವರಿ 1ರಿಂದ ಜೊತೆಗೆ ರೂ. 1,000ದವರೆಗೆ ಶೇ. 12 ಇದ್ದುದು, 2025ರ ಸೆಪ್ಟೆಂಬರ್ 22ರಿಂದ ರೂ. 2,500ರವರೆಗೆ ಶೇ. 5 ಆಗಿದೆ, ಅದಕ್ಕೆ ಮೇಲ್ಪಟ್ಟರೆ ಶೇ. 18. ತೆರಿಗೆ ಹೊರತಾದ ಮಾರಾಟ ಮೌಲ್ಯ ರೂ. 2,500 ಆದರೆ ಗ್ರಾಹಕರು ತೆರುವುದು ರೂ. 2,625. ಮೌಲ್ಯ ರೂ. 2,501 ಆದರೆ ಸುಮಾರು ರೂ. 2,951. ಒಂದು ರೂಪಾಯಿಗೆ ರೂ. 326ರ ಅಂತರ! ಬಿಲ್ಲಿನಲ್ಲಿಯೇ ನಮೂದಿಸಿದ ರಿಯಾಯಿತಿ ಮೌಲ್ಯದಿಂದ ಕಳೆಯಲ್ಪಡುವುದರಿಂದ, ಬೆಲೆ ನಿಗದಿಪಡಿಸುವಾಗ ಈ ಗಡಿಯನ್ನು ಗಮನಿಸುವುದು ಜಾಣತನ.

ಪೆಟ್ಟಿಗೆಯ ಮೇಲೆ "ಆರ್ಥೋ" ಎಂದಿದ್ದ ಮಾತ್ರಕ್ಕೆ ಚಪ್ಪಲಿ 64ನೆಯ ಅಧ್ಯಾಯದಿಂದ ಹೊರಬಂದು 9021ರ ವೈದ್ಯಕೀಯ ಸಾಧನವಾಗುವುದಿಲ್ಲ. ವಿಕಲತೆಯನ್ನು ಸರಿಪಡಿಸಲೆಂದು ವ್ಯಕ್ತಿಯ ಅಳತೆಗೆ ತಯಾರಿಸಿದ, ಅಥವಾ ಎರಡೂ ಕಾಲಿಗೆ ಸಮಾನವಾಗಿ ಹೊಂದುವಂತೆ ರೂಪಿಸಿ ಜೊತೆಯಾಗಿ ಅಲ್ಲದೆ ಬಿಡಿಯಾಗಿ ಮಾರುವ ಪಾದರಕ್ಷೆ ಮಾತ್ರ ಆ ವರ್ಗಕ್ಕೆ ಸೇರುತ್ತದೆ. ರೂ. 2,500 ಮೀರಿದ ಸಿದ್ಧ ಚಪ್ಪಲಿಗೆ ಈ ಹೆಸರಿನಲ್ಲಿ ಕಡಿಮೆ ತೆರಿಗೆ ಹಾಕಿದವರು ಮುಂದೆ ಬಡ್ಡಿ, ದಂಡ ತೆರಬೇಕಾದೀತು.

"ಗಂಟು ಕರಗುತ್ತದೆ" ಎಂಬ ಫಲಕವೂ ಬೇಡ. ಅದು ಗ್ರಾಹಕ ಸಂರಕ್ಷಣಾ ಕಾಯಿದೆ 2019ರ ಪ್ರಕಾರ ದಾರಿತಪ್ಪಿಸುವ ಜಾಹೀರಾತಾಗುತ್ತದೆ. ದೋಷಯುಕ್ತ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಹೇಳದಿದ್ದರೆ 30 ದಿನಗಳೊಳಗೆ ಹಿಂಪಡೆಯಲು ನಿರಾಕರಿಸುವುದನ್ನು ಅದೇ ಕಾಯಿದೆ ಅನುಚಿತ ವ್ಯಾಪಾರ ಪದ್ಧತಿ ಎನ್ನುತ್ತದೆ. ಅಳತೆ ಹೊಂದದಿರುವುದು ದೋಷವಲ್ಲ. ಆದರೂ ಮನೆಯೊಳಗಿನ ನೆಲದ ಮೇಲೆ ಎರಡು ದಿನ ನಡೆದು ನೋಡಲು ಅವಕಾಶ ಕೊಟ್ಟು ಬದಲಾಯಿಸಿಕೊಡುವ ಅಂಗಡಿಗೆ ಗಂಟಿರುವ ಗ್ರಾಹಕರು ಮಂಗಳೂರಿಗೆ ಹೋಗದೆ ಬರುತ್ತಾರೆ.

ಕೊನೆಯದಾಗಿ, ಗಂಟು ಕೆಂಪಾಗಿ ಊದಿದ್ದರೆ, ಹುಣ್ಣಾಗಿದ್ದರೆ, ಅಥವಾ ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕುಂದಿದ್ದರೆ ಆ ದಿನದ ಮಾರಾಟವನ್ನು ಬಿಟ್ಟುಕೊಡುವುದೇ ಸರಿ. ಒತ್ತುತ್ತಿರುವುದು ಅಂಥವರಿಗೆ ತಿಳಿಯುವುದೇ ಇಲ್ಲ. "ಸರಿಯಾಗಿದೆ" ಎಂಬ ಅವರ ಮಾತನ್ನು ನಂಬಿ ಕೊಟ್ಟ ಇಕ್ಕಟ್ಟಿನ ಚಪ್ಪಲಿ ಮಾಯದ ಹುಣ್ಣಿಗೆ, ಕೆಲವೊಮ್ಮೆ ಬೆರಳನ್ನೇ ಕಳೆದುಕೊಳ್ಳುವುದಕ್ಕೆ ದಾರಿಯಾಗಬಹುದು. "ಮೊದಲು ಡಾಕ್ಟರಿಗೆ ತೋರಿಸಿ ಬನ್ನಿ ಅಮ್ಮಾ" ಎಂಬ ಒಂದು ಮಾತಿಗೆ ಯಾವ ಲೆಕ್ಕಪುಸ್ತಕದಲ್ಲೂ ಕಾಲಂ ಇಲ್ಲ. ಆದರೆ ವ್ಯಾಪಾರದ ಕೀರ್ತಿ ಎಂಬ ಆಸ್ತಿ ಬೆಳೆಯುವುದು ಅಂಥ ಮಾತುಗಳಿಂದಲೇ.